ಎಡಕ್ಕೇ ಸುತ್ತುವ ಕುರಿ: ಮೆದುಳಿಗೆ ಪೆಟ್ಟಾದರೆ ಪ್ರಾಣಿ ಹೇಗೆ ನಡೆಯುತ್ತದೆ?

ಪ್ರಶ್ನೆ: ಸರ್, ನಾವು ಕಡೂರು ತಾಲ್ಲೂಕಿನವರು. ನಲವತ್ತು ಕುರಿ ಸಾಕಿದ್ದೇವೆ. ಅದರಲ್ಲಿ ಒಂದು ವರ್ಷದ ಹೆಣ್ಣು ಕುರಿ ಮೂರು ವಾರದಿಂದ ಎಡಕ್ಕೇ ಸುತ್ತುತ್ತಿದೆ. ಮೇವು ತಿನ್ನುತ್ತದೆ, ಜ್ವರ ಇಲ್ಲ. ಬಲಗಡೆ ಬೇಲಿ ಇದ್ದರೆ ಹೋಗಿ ಗುದ್ದುತ್ತದೆ. ಒಮ್ಮೊಮ್ಮೆ ರೊಪ್ಪದ ಮೂಲೆಗೆ ಹೋಗಿ ಗೋಡೆಗೆ ತಲೆ ಒತ್ತಿಕೊಂಡು ನಿಂತುಬಿಡುತ್ತದೆ. ಅಜ್ಜಿ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದ್ದಾರೆ. ಮೆದುಳಿನಲ್ಲಿ ಏನೋ ಆಗಿದೆ ಅಂತ ನನಗೆ ಅನುಮಾನ. ಆದರೆ ತಾತನಿಗೆ ಲಕ್ವ ಹೊಡೆದಾಗ ಬಲಗೈ, ಬಲಗಾಲು ಎರಡೂ ಬಿದ್ದುಹೋಗಿದ್ದವು. ಈ ಕುರಿ ನಾಲ್ಕೂ ಕಾಲಲ್ಲಿ ಚೆನ್ನಾಗಿ ನಡೆಯುತ್ತದೆ. ಮೆದುಳಿಗೆ ಪೆಟ್ಟಾಗಿದ್ದರೆ ಕಾಲು ಬೀಳಬೇಕಲ್ವಾ? ಒಂದೇ ಕಡೆ ಯಾಕೆ ಸುತ್ತುತ್ತದೆ? ವಾಸಿಯಾಗುತ್ತಾ? ನಮ್ಮ ನಾಯಿಯಿಂದ ಬಂತು ಅಂತ ಪಕ್ಕದವರು ಹೇಳುತ್ತಾರೆ, ನಿಜವೇ?

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಪಕ್ಕದವರ ಮಾತಿನಲ್ಲೂ ಹುರುಳಿದೆ. ಕುರಿಯನ್ನು ನಾನು ಕಣ್ಣಾರೆ ನೋಡಿಲ್ಲ, ಹಾಗಾಗಿ ಕೊನೆಯ ಮಾತು ಅದನ್ನು ಮುಟ್ಟಿ ನೋಡಿದ ವೈದ್ಯರದ್ದು. ಆದರೆ ನೀವು ಬರೆದಿರುವುದು ಅಷ್ಟು ಸ್ಪಷ್ಟವಾಗಿದೆ ಅಂದರೆ, ಗಾಯ ಮೆದುಳಿನ ಯಾವ ಕಡೆ ಇದೆ ಅಂತ ಇಲ್ಲಿ ಕೂತೇ ಹೇಳಬಹುದು. ಎಡಗಡೆ, ಮುಮ್ಮೆದುಳಿನಲ್ಲಿ, ಅಂದರೆ ಮೆದುಳಿನ ಮೇಲಿನ ದೊಡ್ಡ ಭಾಗದಲ್ಲಿ. ಬಹುಶಃ ಒಂದು ನೀರುಗುಳ್ಳೆ.

ಹೇಗೆ ಗೊತ್ತಾಯಿತು ಅಂತ ಹೇಳುತ್ತೇನೆ. ನಿಮ್ಮ ಎಲ್ಲ ಪ್ರಶ್ನೆಗೂ ಉತ್ತರ ಅದರಲ್ಲೇ ಇದೆ.

ಮೊದಲು ಸುತ್ತುವ ವಿಷಯ. ಮುಮ್ಮೆದುಳು ಎರಡು ಹೋಳು. ಎಡ ಹೋಳು ಬಲಗಡೆಯ ಲೋಕವನ್ನು ನೋಡಿಕೊಳ್ಳುತ್ತದೆ, ಬಲ ಹೋಳು ಎಡಗಡೆಯದನ್ನು. ಬಲಗಣ್ಣಿನಿಂದ ಹೊರಟ ನರದ ಎಳೆಗಳಲ್ಲಿ ಬಹುಪಾಲು ದಾಟಿಕೊಂಡು ಎಡ ಮೆದುಳಿಗೆ ಹೋಗುತ್ತವೆ. ಎಡ ಹೋಳು ಕೆಟ್ಟರೆ ಕಣ್ಣುಗುಡ್ಡೆ ಚೆನ್ನಾಗಿಯೇ ಇರುತ್ತದೆ, ಆದರೂ ಕುರಿಗೆ ಬಲಗಡೆ ಕಾಣುವುದಿಲ್ಲ. ಕಾಣುವುದಿಲ್ಲ ಅನ್ನುವುದಕ್ಕಿಂತ, ಅದರ ಪಾಲಿಗೆ ಬಲಗಡೆ ಎಂಬುದೇ ಇಲ್ಲ. ನಿಮ್ಮ ಕುರಿ ಬಲಗಡೆಯ ಬೇಲಿಗೆ ಹೋಗಿ ಗುದ್ದುವುದು ಅದಕ್ಕೇ.

ಇನ್ನು ತಿರುಗುವುದು. ಎತ್ತಿನಗಾಡಿ ಹೊಡೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಎಡಗಡೆಯ ಎತ್ತು ಸೋತು ಎಳೆಯುವುದನ್ನು ಬಿಟ್ಟರೆ, ಬಲಗಡೆಯದು ಒಂದೇ ಎಳೆಯುತ್ತದೆ. ಗಾಡಿ ಎಡಕ್ಕೆ ವಾಲಿಕೊಂಡು ಸುತ್ತು ಹೊಡೆಯುತ್ತದೆ. ಮೆದುಳಿನಲ್ಲೂ ಹೀಗೆಯೇ. ಎಡ ಹೋಳು ಪ್ರಾಣಿಯನ್ನು ಬಲಕ್ಕೆ ತಿರುಗಿಸಲು ನೋಡುತ್ತಿರುತ್ತದೆ, ಬಲ ಹೋಳು ಎಡಕ್ಕೆ. ಎರಡೂ ಸಮವಾಗಿ ಎಳೆದಾಗ ಕುರಿ ನೆಟ್ಟಗೆ ನಡೆಯುತ್ತದೆ. ಎಡ ಹೋಳು ಸೋತರೆ ಎಡಕ್ಕೇ ತಿರುಗುತ್ತದೆ. ಹಾಗಾಗಿ ಮುಮ್ಮೆದುಳಿನ ಗಾಯದಲ್ಲಿ ಪ್ರಾಣಿ ಸಾಮಾನ್ಯವಾಗಿ ಗಾಯ ಇರುವ ಕಡೆಗೇ ಸುತ್ತುತ್ತದೆ, ಎದುರು ಕಡೆಯ ಕಣ್ಣು ಕುರುಡಾಗಿರುತ್ತದೆ. ನಿಮ್ಮ ಕುರಿಯಲ್ಲಿ ಈ ಎರಡು ಗುರುತೂ ಒಂದಕ್ಕೊಂದು ಕೂಡಿಬಂದಿವೆ.

ಇದನ್ನು ಇಲಿಯಲ್ಲಿ ಅಳತೆ ಹಾಕಿ ನೋಡಿದವರು ಸ್ವೀಡನ್ನಿನ ಅರ್ಬನ್ ಉಂಗರ್‌ಸ್ಟೆಟ್. 1970ರ ಸುಮಾರಿಗೆ ಅವರು ಇಲಿಯ ಮೆದುಳಿನ ಒಂದೇ ಕಡೆಯಲ್ಲಿ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳನ್ನು ಔಷಧಿ ಚುಚ್ಚಿ ಕೊಂದರು. ಆಮೇಲೆ ಆಂಫೆಟಮಿನ್ ಎಂಬ ಉತ್ತೇಜಕ ಔಷಧಿ ಕೊಟ್ಟರೆ ಆ ಇಲಿ ಗಾಯವಾದ ಕಡೆಗೇ ಗಿರಗಿರ ಸುತ್ತುತ್ತಿತ್ತು. ನಿಮಿಷಕ್ಕೆ ಎಷ್ಟು ಸುತ್ತು ಅಂತ ಎಣಿಸಿದರೆ ಎಷ್ಟು ಹಾನಿಯಾಗಿದೆ ಅಂತ ಅಂದಾಜಾಗುತ್ತಿತ್ತು. ಮನುಷ್ಯರ ಪಾರ್ಕಿನ್ಸನ್ ಕಾಯಿಲೆಗೆ ಎಷ್ಟೋ ಔಷಧಿಗಳನ್ನು ಮೊದಲು ಪರೀಕ್ಷೆ ಮಾಡಿದ್ದು ಹೀಗೆ ಸುತ್ತು ಎಣಿಸಿಯೇ. ನಿಮ್ಮ ರೊಪ್ಪದಲ್ಲಿ ಕುರಿ ಸುತ್ತುವುದೂ ಹೀಗೆಯೇ, ಮೆದುಳಿನ ಎರಡು ಕಡೆಯ ಸಮ ತಪ್ಪಿದ್ದಕ್ಕೆ. ಅಜ್ಜಿಗೆ ಇದನ್ನು ಸಮಾಧಾನವಾಗಿ ಹೇಳಿ. ತಾಯತ ಇದ್ದರೆ ಇರಲಿ, ಅದರಿಂದ ಕುರಿಗೆ ತೊಂದರೆ ಇಲ್ಲ. ತಾಯತ ಕಟ್ಟಿದ್ದೇವಲ್ಲ ಅಂತ ವೈದ್ಯರ ಹತ್ತಿರ ಹೋಗುವುದನ್ನು ಮುಂದೆ ಹಾಕಬೇಡಿ, ಅಷ್ಟೆ.

ಈಗ ತಾತನ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ತಾತನಿಗೆ ಲಕ್ವ ಹೊಡೆದು ಕೈಕಾಲು ಬಿತ್ತು, ಕುರಿಗೆ ಯಾಕೆ ಬೀಳಲಿಲ್ಲ? ಇದೇ ಪ್ರಶ್ನೆಯ ಮೇಲೆ 1881ರಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದಲ್ಲಿ ದೊಡ್ಡ ಜಟಾಪಟಿಯೇ ನಡೆಯಿತು. ಸ್ಟ್ರಾಸ್‌ಬರ್ಗಿನ ಫ್ರೀಡ್ರಿಕ್ ಗೋಲ್ಟ್ಸ್ ಒಂದು ನಾಯಿಯನ್ನು ತಂದಿದ್ದರು. ಅದರ ಮುಮ್ಮೆದುಳಿನ ಹೊರಪದರದ ಬಹುಭಾಗವನ್ನು ತೆಗೆದುಹಾಕಿದ್ದರು. ಆದರೂ ಅದು ಓಡಾಡುತ್ತಿತ್ತು. ಮೆದುಳಿನಲ್ಲಿ ಕೈಗೊಂದು ಜಾಗ, ಕಾಲಿಗೊಂದು ಜಾಗ ಅಂತೆಲ್ಲ ಇಲ್ಲ ಅನ್ನುವುದು ಅವರ ವಾದ. ಎದುರಿಗೆ ನಿಂತವರು ಲಂಡನ್ನಿನ ಡೇವಿಡ್ ಫೆರಿಯರ್. ಅವರು ತೋರಿಸಿದ್ದು ಒಂದು ಕೋತಿ. ಅದರ ಮೆದುಳಿನ ಒಂದು ಕಡೆ, ಚಲನೆಗೆ ಸಂಬಂಧಪಟ್ಟ ಜಾಗವನ್ನು ಮಾತ್ರ ತೆಗೆದಿದ್ದರು. ಅದರ ಎದುರು ಕಡೆಯ ಕೈಕಾಲು ಬಿದ್ದುಹೋಗಿದ್ದವು, ಕುಂಟುತ್ತಾ ಬಂತು. ಅದನ್ನು ನೋಡಿದ ಪ್ಯಾರಿಸ್ಸಿನ ನರವೈದ್ಯ ಶಾರ್ಕೊ, ಇದು ಥೇಟ್ ನಮ್ಮ ರೋಗಿಯೇ ಅಂತ ಉದ್ಗಾರ ತೆಗೆದರಂತೆ.

ಆ ದಿನ ಫೆರಿಯರ್ ಗೆದ್ದರು ಅಂತಲೇ ಎಲ್ಲರೂ ಬರೆಯುತ್ತಾರೆ. ನನ್ನ ಪ್ರಕಾರ ಇಬ್ಬರ ಪ್ರಾಣಿಯೂ ನಿಜವನ್ನೇ ಹೇಳುತ್ತಿದ್ದವು. ಮನುಷ್ಯ ಮತ್ತು ಕೋತಿಯಲ್ಲಿ ಮೆದುಳಿನ ಹೊರಪದರದಿಂದ ಬೆನ್ನುಹುರಿಯ ಉದ್ದಕ್ಕೂ ಒಂದು ನೇರ ದಾರಿ ಇದೆ. ಬೆರಳು ಆಡಿಸಿ ಕಾಳು ಆರಿಸುವ ನಾಜೂಕು ಕೆಲಸ ನಡೆಯುವುದು ಅದರಿಂದ. ಆ ದಾರಿ ಕಡಿದರೆ ಕೈಕಾಲು ಬೀಳುತ್ತದೆ. ನಿಮ್ಮ ತಾತನಿಗೆ ಆಗಿದ್ದು ಅದು. ನಾಯಿಯಲ್ಲಿ ಆ ದಾರಿಯ ಮೇಲೆ ಅಷ್ಟೊಂದು ಅವಲಂಬನೆ ಇಲ್ಲ. ಕುರಿ, ದನಗಳಲ್ಲಂತೂ ಅದು ಕತ್ತಿನ ಮೇಲ್ಭಾಗದಲ್ಲೇ ಮುಗಿದುಹೋಗುತ್ತದೆ. ಗೊರಸಿನ ಪ್ರಾಣಿ ಬೆರಳಾಡಿಸಿ ಮಾಡುವ ಕೆಲಸ ಏನಿದೆ ಹೇಳಿ? ಅದಕ್ಕೆ ಬೇಕಾಗಿದ್ದು ಹುಟ್ಟಿದ ಸ್ವಲ್ಪ ಹೊತ್ತಿಗೇ ಎದ್ದು ತಾಯಿಯ ಹಿಂದೆ ನಡೆಯುವುದು. ಆ ನಡಿಗೆಯನ್ನು ನಡೆಸುವುದು ಮೆದುಳಿನ ಕೆಳಭಾಗ, ಅಂದರೆ ಮೆದುಳುಕಾಂಡ, ಮತ್ತು ಬೆನ್ನುಹುರಿ. ಮೇಲಿನ ಭಾಗದಲ್ಲಿ ಲಿಂಬೆಹಣ್ಣಿನಷ್ಟು ನೀರುಗುಳ್ಳೆ ಇದ್ದರೂ ಕುರಿ ನಡೆಯುವುದು ಅದಕ್ಕೇ.

ಇದು ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ಒಂದು ಪ್ರಯೋಗ ಇದೆ. 1966ರಲ್ಲಿ ರಷ್ಯಾದ ಶಿಕ್, ಸೆವೆರಿನ್, ಓರ್ಲೋವ್‌ಸ್ಕಿ ಎಂಬ ಮೂವರು ವಿಜ್ಞಾನಿಗಳು ಮುಮ್ಮೆದುಳಿನ ಸಂಪರ್ಕ ಕಡಿದ ಬೆಕ್ಕನ್ನು ಓಡುವ ಪಟ್ಟಿಯ ಮೇಲೆ ಇಟ್ಟು, ಅದರ ನಡುಮೆದುಳಿನ ಒಂದು ಸಣ್ಣ ಜಾಗಕ್ಕೆ ಮೆಲ್ಲಗೆ ಕರೆಂಟ್ ಕೊಟ್ಟರು. ಬೆಕ್ಕು ನಡೆಯಿತು. ಕರೆಂಟ್ ಜಾಸ್ತಿ ಮಾಡಿದರೆ ಓಡಿತು. ಅಮೆರಿಕದ ಕೊಲೊರಾಡೊದಲ್ಲಿ 1945ರಲ್ಲಿ ತಲೆ ಕಡಿಸಿಕೊಂಡ ಒಂದು ಹುಂಜ ಹದಿನೆಂಟು ತಿಂಗಳು ಬದುಕಿತ್ತು. ಕೊಡಲಿ ಏಟು ಮೇಲೆ ಬಿದ್ದು ಮೆದುಳುಕಾಂಡದ ಬಹುಭಾಗ ಉಳಿದುಕೊಂಡಿತ್ತು, ಅದೇ ಕಾರಣ.

ಹಾಗಾದರೆ ಮೇಲಿನ ಮೆದುಳು ಇರುವುದು ಯಾತಕ್ಕೆ? ಇದಕ್ಕೂ ಗೋಲ್ಟ್ಸ್ ಅವರೇ ಉತ್ತರ ಕೊಟ್ಟರು. ಮುಮ್ಮೆದುಳಿನ ಹೊರಪದರವನ್ನು ಪೂರ್ತಿ ತೆಗೆದ ಇನ್ನೊಂದು ನಾಯಿಯ ಬಗ್ಗೆ ಅವರು 1892ರಲ್ಲಿ ಬರೆದರು. ಅದೂ ಹದಿನೆಂಟು ತಿಂಗಳು ಬದುಕಿತ್ತು. ನಡೆಯುತ್ತಿತ್ತು, ಮಲಗುತ್ತಿತ್ತು, ಏಳುತ್ತಿತ್ತು. ಮೈ ಹಿಡಿದರೆ ಗುರುಗುಟ್ಟುತ್ತಿತ್ತು. ಮೂತಿಗೆ ಮಾಂಸ ತಾಗಿಸಿದರೆ ತಿನ್ನುತ್ತಿತ್ತು. ಆದರೆ ಆಹಾರ ಹುಡುಕಿಕೊಂಡು ಹೋಗುತ್ತಿರಲಿಲ್ಲ. ದಿನಾ ಊಟ ಹಾಕುವವರ ಗುರುತು ಅದಕ್ಕೆ ಇರಲಿಲ್ಲ. ಬಾಲ ಅಲ್ಲಾಡಿಸಿದ್ದೇ ಇಲ್ಲ. ಅದಕ್ಕೂ ಮುಂಚೆ, 1824ರಲ್ಲಿ, ಫ್ರಾನ್ಸಿನ ಫ್ಲೂರೆನ್ಸ್ ಪಾರಿವಾಳದಲ್ಲಿ ಇಂಥದ್ದನ್ನೇ ಬರೆದಿದ್ದರು. ಮುಮ್ಮೆದುಳು ತೆಗೆದ ಪಾರಿವಾಳವನ್ನು ಗಾಳಿಗೆ ಎಸೆದರೆ ಹಾರುತ್ತದೆ, ಕೊಕ್ಕಿಗೆ ಕಾಳು ಹಾಕಿದರೆ ನುಂಗುತ್ತದೆ, ಸುಮ್ನೆ ಬಿಟ್ಟರೆ ಕಾಳಿನ ರಾಶಿಯ ಮುಂದೆಯೇ ಹಸಿದು ಕೂರುತ್ತದೆ.

ಈ ನಾಯಿಯ ವಿವರ ಓದುವಾಗೆಲ್ಲ ನನಗೆ ಸಂಕಟವಾಗುತ್ತದೆ. ನಮ್ಮ ದೇಶದಲ್ಲಿ ಈಗ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಇದೆ, ಸಮಿತಿಯ ಒಪ್ಪಿಗೆ ಇಲ್ಲದೆ ಇಂಥ ಪ್ರಯೋಗ ಮಾಡುವಂತಿಲ್ಲ. ಇದ್ದೇ ಇರಬೇಕಾದ ಕಾನೂನು ಅದು. ಆ ಪ್ರಾಣಿಗಳು ಕಲಿಸಿಕೊಟ್ಟಿದ್ದನ್ನು ಕನಿಷ್ಠ ನಾವು ಹಟ್ಟಿಯಲ್ಲಿರುವ ಜೀವಗಳಿಗೆ ಬಳಸಬೇಕು. ನಿಮ್ಮ ಕುರಿ ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ ಅಂದಿರಲ್ಲ, ಅದೂ ಮುಮ್ಮೆದುಳಿನ ಗುರುತೇ. ಕಾಲು ಮುಂದೆ ಹೋಗುತ್ತಲೇ ಇರುತ್ತದೆ. ಎದುರಿಗೆ ಗೋಡೆ ಬಂತು, ಹಿಂದೆ ಸರಿಯಬೇಕು ಅಂತ ತೀರ್ಮಾನ ಮಾಡಬೇಕಾದ ಭಾಗ ಕೆಲಸ ಮಾಡುತ್ತಿರುವುದಿಲ್ಲ.

ಗಾಯ ಬೇರೆ ಕಡೆ ಇದ್ದರೆ ಕಥೆಯೇ ಬೇರೆ. ಅದನ್ನೂ ತಿಳಿದುಕೊಳ್ಳಿ, ನಿಮ್ಮ ಮಂದೆಯಲ್ಲಿ ನಾಳೆ ಇನ್ನೊಂದಕ್ಕೆ ಆಗಬಹುದು.

ತಲೆಯ ಹಿಂಭಾಗದಲ್ಲಿ ಕಿರುಮೆದುಳು ಇದೆ, ಪುಸ್ತಕದಲ್ಲಿ ಅನುಮಸ್ತಿಷ್ಕ ಅಂತ ಓದಿರುತ್ತೀರಿ. ಅದು ಕೆಟ್ಟರೆ ಶಕ್ತಿ ಹೋಗುವುದಿಲ್ಲ, ಅಳತೆ ಹೋಗುತ್ತದೆ. ಪ್ರಾಣಿ ಕಾಲು ಅಗಲಿಸಿ ನಿಲ್ಲುತ್ತದೆ. ಹೆಜ್ಜೆ ಎತ್ತಿದರೆ ಬೇಕಾದ್ದಕ್ಕಿಂತ ಮೇಲೆ ಎತ್ತಿ ದಪ್ಪನೆ ಇಡುತ್ತದೆ. ಸುಮ್ಮನೆ ಮಲಗಿದಾಗ ನಡುಕ ಇರುವುದಿಲ್ಲ, ತೊಟ್ಟಿಗೆ ಬಾಯಿ ಹಾಕಲು ಹೋದಾಗ ತಲೆ ತೊನೆದಾಡುತ್ತದೆ. ತಾಯಿ ಹಸು ಗಬ್ಬವಾಗಿದ್ದಾಗ ಬಿ.ವಿ.ಡಿ. ಎಂಬ ವೈರಸ್ ತಗುಲಿದರೆ ಹುಟ್ಟುವ ಕರು ಹೀಗಿರಬಹುದು. ಬೆಕ್ಕಿನ ಮರಿಗಳಲ್ಲೂ ಬೇರೊಂದು ವೈರಸ್‌ನಿಂದ ಇದೇ ಥರ ಆಗುತ್ತದೆ. ಆ ಮರಿಗಳನ್ನು ಸಾಯಿಸಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕಾಯಿಲೆ ಮುಂದುವರಿಯುವುದಿಲ್ಲ. ತೂರಾಡುತ್ತಲೇ ಆಟ ಆಡುತ್ತವೆ, ಊಟ ಮಾಡುತ್ತವೆ, ಮನೆಯೊಳಗೆ ಚೆನ್ನಾಗಿ ಬದುಕುತ್ತವೆ.

ಮೆದುಳುಕಾಂಡದ ಗಾಯವನ್ನು ಮುಖ ನೋಡಿ ಹೇಳಬಹುದು. ಒಂದು ಕಿವಿ ಜೋತುಬೀಳುತ್ತದೆ, ತುಟಿ ಒಂದು ಕಡೆಗೆ ಸೊಟ್ಟಗಾಗುತ್ತದೆ, ಜೊಲ್ಲು ಸುರಿಯುತ್ತದೆ, ಜಗಿದ ಮೇವು ಕೆನ್ನೆಯಲ್ಲೇ ಉಳಿಯುತ್ತದೆ. ಇಂಥ ಪ್ರಾಣಿಯೂ ಸುತ್ತುತ್ತದೆ, ಆದರೆ ಮಂಕಾಗಿರುತ್ತದೆ, ಜ್ವರ ಇರಬಹುದು, ಕೆಲವೇ ದಿನಗಳಲ್ಲಿ ಮಲಗಿಬಿಡುತ್ತದೆ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಬಾಯಿಯ ಸಣ್ಣ ಗಾಯದಿಂದ ಮುಖದ ನರ ಹಿಡಿದು ಮೆದುಳುಕಾಂಡಕ್ಕೆ ಹತ್ತಿದರೆ ಹೀಗಾಗುತ್ತದೆ. ಸರಿಯಾಗಿ ಹದವಾಗದೆ ಕೆಟ್ಟ ರಸಮೇವಿನಲ್ಲಿ, ಅಂದರೆ ಗಾಳಿಯಾಡದಂತೆ ಹುದುಗಿಸಿಟ್ಟ ಹಸಿಮೇವಿನಲ್ಲಿ (ಸೈಲೇಜ್), ಅದು ಚೆನ್ನಾಗಿ ಬೆಳೆಯುತ್ತದೆ. ಹಾಸನದ ಕಡೆ ಡೇರಿ ಮಾಡುವವರು ಈಗ ಚೀಲದ ರಸಮೇವು ಜಾಸ್ತಿ ತರುತ್ತಾರೆ. ಬೂಸಲು ಹಿಡಿದಿದ್ದನ್ನು ದಯವಿಟ್ಟು ಹಾಕಬೇಡಿ, ಗೊಬ್ಬರದ ಗುಂಡಿಗೆ ಸುರಿಯಿರಿ.

ಇನ್ನೊಂದು ನಮ್ಮೂರುಗಳಲ್ಲಿ ನಾನು ನೋಡಿರುವಂಥದ್ದು. ಮದುವೆ ಛತ್ರದಲ್ಲಿ ಉಳಿದ ಅನ್ನವನ್ನು ಪಾಪ ಅಂತ ಕುರಿ, ದನಕ್ಕೆ ಬಕೆಟ್‌ಗಟ್ಟಲೆ ಸುರಿಯುತ್ತಾರೆ. ಹೊಟ್ಟೆ ಹುಳಿಯಾಗುತ್ತದೆ. ಅಲ್ಲಿ ಬಿ1 ಜೀವಸತ್ವ ತಯಾರಿಸುತ್ತಿದ್ದ ಒಳ್ಳೆಯ ಜೀವಾಣುಗಳು ಸಾಯುತ್ತವೆ, ಬಿ1 ಅನ್ನು ಒಡೆಯುವ ಜೀವಾಣುಗಳು ಹೆಚ್ಚುತ್ತವೆ. ಆಗ ಮುಮ್ಮೆದುಳಿನ ಹೊರಪದರ ಎರಡೂ ಕಡೆ ಊದಿಕೊಂಡು ಸಾಯಲು ಶುರುವಾಗುತ್ತದೆ. ಎರಡೂ ಕಣ್ಣು ಕಾಣುವುದಿಲ್ಲ, ಆದರೆ ಟಾರ್ಚ್ ಬಿಟ್ಟರೆ ಕಣ್ಣಿನ ಪಾಪೆ ಸರಿಯಾಗಿ ಕಿರಿದಾಗುತ್ತದೆ. ಕತ್ತು ಹಿಂದಕ್ಕೆ ಬಾಗಿ ಆಕಾಶ ನೋಡುವಂತೆ ನಿಲ್ಲುತ್ತದೆ. ಇದರಲ್ಲಿ ಸಮಯವೇ ಜೀವ. ಬೇಗ ಬಿ1 ಇಂಜೆಕ್ಷನ್ ಬಿದ್ದರೆ ಒಂದೆರಡು ದಿನದಲ್ಲಿ ಎದ್ದು ಮೇಯುವುದನ್ನು ನೋಡಿದ್ದೇನೆ. ತಡವಾದರೆ ಕಣ್ಣು ವಾಪಸ್ ಬರುವುದಿಲ್ಲ. ನಿಮ್ಮ ಕುರಿಗೆ ಒಂದೇ ಕಡೆಯ ತೊಂದರೆ ಇದೆ, ಮೂರು ವಾರ ಆಗಿದೆ, ಮೇವು ತಿನ್ನುತ್ತಿದೆ. ಹಾಗಾಗಿ ಇದು ಅಲ್ಲ ಅನ್ನುತ್ತೇನೆ.

ಒಂದು ಎಚ್ಚರಿಕೆಯ ಮಾತು. ಪ್ರಾಣಿಯ ಸ್ವಭಾವ ಇದ್ದಕ್ಕಿದ್ದಂತೆ ಬದಲಾಯಿತು, ಜೊಲ್ಲು ಸುರಿಯುತ್ತಿದೆ, ನುಂಗಲು ಆಗುತ್ತಿಲ್ಲ, ಕೂಗಿನ ದನಿ ಬೇರೆಯಾಗಿದೆ ಅಂದರೆ ಮೊದಲು ನೆನಪಾಗಬೇಕಾದ್ದು ಹುಚ್ಚುನಾಯಿ ರೋಗ. ರೇಬೀಸ್ ವೈರಸ್ ಭಯ, ಸಿಟ್ಟು ನೋಡಿಕೊಳ್ಳುವ ಭಾಗಗಳನ್ನೂ ಮೆದುಳುಕಾಂಡವನ್ನೂ ಹಿಡಿಯುತ್ತದೆ. ಹಸುವಿಗೆ ಬಂದಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಅಂತಲೇ ಎಲ್ಲರಿಗೂ ಅನ್ನಿಸುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಅರಸೀಕೆರೆ ಹತ್ತಿರ ಒಂದು ಹಸುವಿನ ಬಾಯಿಗೆ ಬರಿಗೈ ಹಾಕಿ ಹುಡುಕಿದ್ದೆ. ಎರಡು ದಿನಕ್ಕೆ ಅದು ಸತ್ತಿತು. ನಾನೂ ಆ ಮನೆಯ ಅಮ್ಮನೂ ಪೂರ್ತಿ ಕೋರ್ಸ್ ಲಸಿಕೆ ತೆಗೆದುಕೊಂಡೆವು. ಆ ಅಮ್ಮನ ಮುಖ ಇವತ್ತಿಗೂ ಕಣ್ಣಮುಂದೆ ಬರುತ್ತದೆ. ಅನುಮಾನ ಇದ್ದರೆ ಬಾಯಿಗೆ ಕೈ ಹಾಕಬೇಡಿ. ಜೊಲ್ಲು ತಾಗಿದರೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಆವತ್ತೇ ಆಸ್ಪತ್ರೆಗೆ ಹೋಗಿ. ರೇಬೀಸ್ ಬಂದ ಪ್ರಾಣಿ ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ. ನಿಮ್ಮದು ಮೂರು ವಾರ ದಾಟಿರುವುದರಿಂದ ಆ ಭಯ ಬೇಡ.

ಈಗ ನಾಯಿ ಮತ್ತು ನೀರುಗುಳ್ಳೆ. ನಾಯಿಯ ಕರುಳಿನಲ್ಲಿ ಟೀನಿಯಾ ಮಲ್ಟಿಸೆಪ್ಸ್ ಎಂಬ ಲಾಡಿಹುಳು ಇರುತ್ತದೆ. ಅದರ ಮೊಟ್ಟೆಗಳು ನಾಯಿಯ ಹೇಲಿನ ಜೊತೆ ಹುಲ್ಲುಗಾವಲಿಗೆ ಬೀಳುತ್ತವೆ. ಕುರಿಮರಿ ಆ ಹುಲ್ಲು ಮೇಯುತ್ತದೆ. ಮೊಟ್ಟೆಯಿಂದ ಹೊರಬಂದ ಮರಿಹುಳು ಕರುಳಿನ ಗೋಡೆ ತೂರಿ, ರಕ್ತದಲ್ಲಿ ತೇಲಿ, ಮೆದುಳಿಗೆ ಬಂದು ನೆಲೆ ನಿಲ್ಲುತ್ತದೆ. ಅಲ್ಲಿ ತಿಂಗಳುಗಟ್ಟಲೆ ನಿಧಾನಕ್ಕೆ ಬೆಳೆದು ತಿಳಿನೀರು ತುಂಬಿದ ಗುಳ್ಳೆಯಾಗುತ್ತದೆ. ಅದರ ಒಳಗೋಡೆಯಲ್ಲಿ ಅಕ್ಕಿನುಚ್ಚಿನಂಥ ನೂರಾರು ಬಿಳಿ ಚುಕ್ಕೆ ಇರುತ್ತವೆ. ಒಂದೊಂದು ಚುಕ್ಕೆಯೂ ಒಂದೊಂದು ಹುಳುವಿನ ತಲೆ. ಕುರಿ ಸತ್ತಾಗ ಅಥವಾ ಕೊಯ್ದಾಗ ಆ ತಲೆಯನ್ನು ನಾಯಿಗೆ ಎಸೆದರೆ ಅದರ ಕರುಳಿನಲ್ಲಿ ಮತ್ತೆ ಲಾಡಿಹುಳುಗಳಾಗುತ್ತವೆ. ಹಳೇ ಕುರಿಗಳಿಗಿಂತ ಎರಡು ವರ್ಷದೊಳಗಿನವಕ್ಕೆ ಇದು ಜಾಸ್ತಿ. ನಿಮ್ಮ ಕುರಿಯ ವಯಸ್ಸೂ ಅದಕ್ಕೆ ಹೊಂದುತ್ತದೆ.

ನಾಯಿಯನ್ನು ಬೈಯಬೇಡಿ, ಓಡಿಸಬೇಡಿ. ಪ್ರಾಜಿಕ್ವಾಂಟೆಲ್ ಇರುವ ಜಂತುಮಾತ್ರೆಯನ್ನು ಅದರ ತೂಕ ಹೇಳಿ ವೈದ್ಯರಿಂದ ಬರೆಸಿಕೊಳ್ಳಿ. ಮಂದೆಯ ಜೊತೆ ಹೋಗುವ ನಾಯಿಗೆ ಆರೆಂಟು ವಾರಕ್ಕೊಮ್ಮೆ ಕೊಡಬೇಕು. ಹೊಟ್ಟೆಗೆ ಹೋದ ಹುಳು ಬೆಳೆದು ಮೊಟ್ಟೆ ಇಡಲು ಸುಮಾರು ಆರು ವಾರ ಹಿಡಿಯುತ್ತದೆ, ಈ ಲೆಕ್ಕ ಅದಕ್ಕೇ. ಮಾತ್ರೆ ಕೊಟ್ಟ ಮೇಲೆ ಎರಡು ದಿನ ಕಟ್ಟಿಹಾಕಿ, ಹೇಲನ್ನು ಹೂತುಬಿಡಿ. ನಾಯಿ ಮುಟ್ಟಿದ ಮಕ್ಕಳು ಕೈ ತೊಳೆದೇ ಊಟಕ್ಕೆ ಕೂರಲಿ. ಅಪರೂಪಕ್ಕೆ ಮನುಷ್ಯರ ಮೆದುಳಿಗೂ ಈ ಗುಳ್ಳೆ ಬಂದಿದ್ದುಂಟು.

ವಾಸಿಯಾಗುತ್ತಾ ಅಂದಿರಿ. ಗುಳ್ಳೆ ಮೆದುಳಿನ ಮೇಲ್ಭಾಗದಲ್ಲೇ ಇದ್ದರೆ ಆಗುತ್ತದೆ. ನಿಮ್ಮ ಕುರಿ ನಡೆಯುವ ರೀತಿ ನೋಡಿದರೆ ಆ ಆಸೆ ಇದೆ. ಅರಿವಳಿಕೆ ಕೊಟ್ಟು, ತಲೆಬುರುಡೆಯಲ್ಲಿ ಸಣ್ಣ ಕಿಂಡಿ ಕೊರೆದು, ನೀರು ಹೀರಿ, ಗುಳ್ಳೆಯ ಚೀಲವನ್ನು ಮೆಲ್ಲಗೆ ಹೊರಗೆಳೆಯುತ್ತಾರೆ. ಬೆರಳು ಒತ್ತಿ ನೋಡಿದಾಗ ಬುರುಡೆ ಒಂದು ಕಡೆ ಮೆತ್ತಗಾಗಿದ್ದರೆ ಜಾಗ ಹುಡುಕುವುದೂ ಸುಲಭ. ಗುಳ್ಳೆ ಮೆದುಳನ್ನು ಒತ್ತಿರುತ್ತದೆ, ಪೂರ್ತಿ ತಿಂದುಹಾಕಿರುವುದಿಲ್ಲ. ಹಾಗಾಗಿ ಒತ್ತಡ ಇಳಿದ ಮೇಲೆ ಸುತ್ತುವುದು ನಿಲ್ಲುತ್ತದೆ. ಕೆಲವು ಕುರಿಗಳು ಒಂದೆರಡು ದಿನದಲ್ಲೇ ನೆಟ್ಟಗೆ ನಡೆದು ಮಂದೆ ಸೇರುತ್ತವೆ. ಆಳದಲ್ಲಿದ್ದರೆ, ಒಂದಕ್ಕಿಂತ ಜಾಸ್ತಿ ಇದ್ದರೆ, ಕಷ್ಟ. ಆಪರೇಷನ್ ಖರ್ಚು ಕುರಿಯ ಬೆಲೆಗೆ ಗಿಟ್ಟುತ್ತದೆಯೇ ಅನ್ನುವುದೂ ನಿಜವಾದ ಪ್ರಶ್ನೆಯೇ. ಅದನ್ನು ವೈದ್ಯರ ಹತ್ತಿರ ಮುಚ್ಚುಮರೆಯಿಲ್ಲದೆ ಕೇಳಿ.

ಹೋಗುವ ಮೊದಲು ಮನೆಯಲ್ಲೇ ಒಂದೆರಡು ಪರೀಕ್ಷೆ ಮಾಡಿ ಬರೆದಿಟ್ಟುಕೊಳ್ಳಿ. ಒಂದು ಕಣ್ಣು ಮುಚ್ಚಿ ಹಿಡಿದು, ಇನ್ನೊಂದರ ಕಡೆಗೆ ಹೊಡೆಯುವವರಂತೆ ಕೈ ತನ್ನಿ, ಮುಖಕ್ಕೆ ಗಾಳಿ ಬಡಿಯಬಾರದು. ರೆಪ್ಪೆ ಬಡಿಯುತ್ತದೆಯೇ ನೋಡಿ. ಬಲಗಣ್ಣು ಬಡಿಯುವುದಿಲ್ಲ ಅಂತ ನನ್ನ ಊಹೆ. ಮುಂಗಾಲಿನ ಗೊರಸನ್ನು ಹಿಂದಕ್ಕೆ ಮಡಚಿ ನೆಲಕ್ಕಿಡಿ. ಎಡಗಾಲಾದರೆ ತಕ್ಷಣ ಸರಿಮಾಡಿಕೊಳ್ಳುತ್ತದೆ, ಬಲಗಾಲಾದರೆ ಹಾಗೇ ಬಿಡಬಹುದು. ಸುತ್ತುವುದನ್ನು ಒಂದು ನಿಮಿಷ ಮೊಬೈಲ್‌ನಲ್ಲಿ ವಿಡಿಯೊ ಮಾಡಿ. ಆಮೇಲೆ ನಿಮ್ಮ ಪಶು ಆಸ್ಪತ್ರೆಗೆ ತೋರಿಸಿ, ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಆಪರೇಷನ್ ಬೇಕು ಅಂದರೆ ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿಕೊಂಡು ಹೋಗಿ.

ಕುರಿ ಉಳಿಯದಿದ್ದರೆ ಅದರ ತಲೆಯನ್ನು ನಾಯಿಗೆ ಸಿಗದಷ್ಟು ಆಳಕ್ಕೆ ಹೂಳಿ, ಇಲ್ಲವೇ ಸುಟ್ಟುಬಿಡಿ. ವೈದ್ಯರಿಗೆ ತೋರಿಸುವವರೆಗೆ ಕುರಿಯನ್ನು ಮಂದೆಯಿಂದ ಬೇರೆ ಮಾಡಿ, ಗೋಡೆಯ ಮೂಲೆ ಇಲ್ಲದ ಜಾಗದಲ್ಲಿ ಬಿಡಿ. ಬಾವಿ, ಹೊಂಡ ಹತ್ತಿರ ಇರಬಾರದು. ಮೇವು, ನೀರು ಎರಡನ್ನೂ ಅದರ ಎಡಗಡೆಗೇ ಇಡಿ, ಬಲಗಡೆ ಇಟ್ಟಿದ್ದು ಅದಕ್ಕೆ ಕಾಣುವುದಿಲ್ಲ.